ಅಕ್ಷರಗಳ ಪಾಠಶಾಲೆ

ಆಕಾಶವಾಣಿಯಲ್ಲಿ ಮಾತನಾಡಲು ಕುಳಿತವನಿಗೆ ಒಂದು ಸೌಕರ್ಯವುಂಟು. ದುಃಖದ ಮಾತು ಬಂದಾಗ ದನಿಯನ್ನು ಇಳಿಸಬಹುದು. ಒತ್ತಿ ಹೇಳಬೇಕಾದ ಕಡೆ ಏರಿಸಬಹುದು. ಒಂದು ವಾಕ್ಯ ಮುಗಿದ ಮೇಲೆ ಕ್ಷಣಕಾಲ ಸುಮ್ಮನಿದ್ದು ಅದು ಕೇಳುವವರ ಮನಸ್ಸಿಗೆ ಇಳಿಯುವಂತೆ ಮಾಡಬಹುದು. ಇದೇ ಭಾಷಣ ಅಚ್ಚಾಗಿ ನಿಮ್ಮ ಕೈಗೆ ಬಂದಾಗ ಈ ಸೌಕರ್ಯಗಳೆಲ್ಲ ಎಲ್ಲಿ ಹೋಗುವುವು? ಕಾಗದದ ಮೇಲೆ ದನಿಯಿಲ್ಲ. ಅಲ್ಲಿರುವುದು ಕರಿಯ ಗುರುತುಗಳು, ಅವುಗಳ ನಡುವಣ ಬಿಳಿಯ ಸ್ಥಳ, ಇಷ್ಟೆ. ಈ ಎರಡನ್ನೇ ಹಿಡಿದುಕೊಂಡು ಬರಹಕ್ಕೆ ಏರಿಳಿತವನ್ನೂ ನಿಲುಗಡೆಯನ್ನೂ ಭಾವವನ್ನೂ ಕೊಡುವ ಕೆಲಸಕ್ಕೆ ಅಕ್ಷರವಿನ್ಯಾಸವೆಂದೂ ಪುಟವಿನ್ಯಾಸವೆಂದೂ ಹೆಸರು.

ಇದು ಚಿಕ್ಕ ವಿಷಯವೆಂದು ನಾನೂ ಬಹುಕಾಲ ತಿಳಿದಿದ್ದೆನು. ಕೆಲವು ವರ್ಷಗಳ ಹಿಂದೆ ನಮ್ಮ ಹಿರಿಯ ಅಧ್ಯಾಪಕರೊಬ್ಬರು ತೀರಿಕೊಂಡರು. ಸಂತಾಪಸಭೆಗಾಗಿ ಒಂದು ಪತ್ರವನ್ನು ಅಚ್ಚು ಹಾಕಿಸಿದೆವು. ಅಚ್ಚುಕೂಟದವರು ತಮ್ಮ ವಾಡಿಕೆಯಂತೆ ಅದಕ್ಕೆ ಬಳ್ಳಿಯ ಅಂಚನ್ನಿಟ್ಟು, ಲಗ್ನಪತ್ರಿಕೆಗೆ ಹಾಕುವ ಕುಣಿಯುವ ಅಕ್ಷರಗಳಲ್ಲಿ ಸತ್ತವರ ಹೆಸರನ್ನು ಕೂಡಿಸಿದ್ದರು. ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಆದರೆ ಪತ್ರವನ್ನು ಕೈಗೆ ತೆಗೆದುಕೊಂಡ ಅವರ ಮಗ ಅದನ್ನು ಎರಡು ಸಲ ತಿರುಗಿಸಿ ನೋಡಿ, ಏನನ್ನೂ ಹೇಳದೆ ಮಡಿಸಿ ಜೇಬಿಗಿಟ್ಟುಕೊಂಡನು. ಕರಡಚ್ಚನ್ನು ತಿದ್ದಿ ಒಪ್ಪಿಗೆ ಕೊಟ್ಟವನು ನಾನೇ. ಮಾತೆಲ್ಲ ಸರಿಯಾಗಿದ್ದೂ ಅಚ್ಚು ತಪ್ಪಾಗಬಹುದೆಂಬುದು ಅಂದು ನನಗೆ ತಿಳಿಯಿತು. ಈ ವಿವೇಕವನ್ನು ಎಲ್ಲಾದರೂ ಕಲಿಸುತ್ತಾರೆಯೆ, ಕಲಿಸಿದರೆ ಹೇಗೆ ಕಲಿಸುತ್ತಾರೆ ಎಂದು ಹುಡುಕುತ್ತ ಹೋದಾಗ ದೊರೆತ ಕಥೆಯೇ ಈ ಹೊತ್ತಿನ ಭಾಷಣ. ಕಥೆಯ ಬಹುಭಾಗ ಯೂರೋಪಿನದು. ಆದರೆ ಅದರ ಒಂದು ಎಳೆ ನಮ್ಮ ಮಂಗಳೂರಿನ ದಾರಿಯಲ್ಲಿಯೂ ಹಾದುಹೋಗುತ್ತದೆ.

ಮೊದಮೊದಲು ಈ ವಿದ್ಯೆಗೆ ಶಾಲೆಯಿರಲಿಲ್ಲ. ಹುಡುಗನು ಅಚ್ಚುಕೂಟಕ್ಕೆ ಸೇರಿ, ಹಿರಿಯ ಕೆಲಸಗಾರನ ಪಕ್ಕದಲ್ಲಿ ನಿಂತು, ಮೊಳೆಗಳ ಪೆಟ್ಟಿಗೆಯಲ್ಲಿ ಯಾವ ಅಕ್ಷರ ಯಾವ ಮನೆಯಲ್ಲಿದೆಯೆಂಬುದನ್ನು ಕೈಗೆ ಕಲಿಸಿಕೊಳ್ಳುತ್ತಿದ್ದನು. ಶೀರ್ಷಿಕೆಯನ್ನು ನಡುವಿಗಿಡು, ಪುಸ್ತಕದ ಹೆಸರನ್ನು ದೊಡ್ಡದು ಮಾಡು, ಎಡಬಲ ಸಮವಾಗಿರಲಿ. ಇಷ್ಟು ಸಂಪ್ರದಾಯ ಸಾಕಾಗಿದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಆವಿಯ ಯಂತ್ರಗಳೂ ಜಾಹೀರಾತುಗಳೂ ಬಂದ ಮೇಲೆ ಆ ಸಂಪ್ರದಾಯ ಕೆಟ್ಟಿತು. ಒಂದೇ ಹಾಳೆಯಲ್ಲಿ ಹತ್ತು ಬಗೆಯ ಅಕ್ಷರಗಳು ಸಂತೆಯ ವ್ಯಾಪಾರಿಗಳಂತೆ ಕೂಗಲಾರಂಭಿಸಿದುವು. ಎಲ್ಲರೂ ಕೂಗಿದರೆ ಯಾರ ಮಾತೂ ಕೇಳಿಸುವುದಿಲ್ಲವಷ್ಟೆ.

ಇದಕ್ಕೆ ಮದ್ದನ್ನು ಹುಡುಕಿದವರಲ್ಲಿ ಎಡ್ವರ್ಡ್ ಜಾನ್‌ಸ್ಟನ್ ಒಬ್ಬನು. 1872ರಲ್ಲಿ ಹುಟ್ಟಿದ ಇವನು ಎಡಿನ್‌ಬರೋದಲ್ಲಿ ವೈದ್ಯವನ್ನು ಓದಲು ಹೊರಟು, ದೇಹಸ್ಥಿತಿ ಸಾಲದೆ ಬಿಟ್ಟವನು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಕುಳಿತು ಹಳೆಯ ಕೈಬರಹದ ಪುಸ್ತಕಗಳನ್ನು ನೋಡಿ ನೋಡಿ, ಪೂರ್ವದ ಲಿಪಿಕಾರರು ಲೆಕ್ಕಣಿಕೆಯನ್ನು ಹೇಗೆ ಹಿಡಿದಿರಬೇಕೆಂಬುದನ್ನು ತಾನೇ ಊಹಿಸಿ ಸಾಧಿಸಿದನು. ಅಲ್ಲಿನ ಸೆಂಟ್ರಲ್ ಕಲಾಶಾಲೆಯ ಮುಖ್ಯಸ್ಥನಾಗಿದ್ದ ಲೆಥಬಿ ಇವನನ್ನು ಕರೆದು 1899ರಲ್ಲಿ ಅಕ್ಷರ ಬರೆಯುವ ತರಗತಿಯೊಂದನ್ನು ಒಪ್ಪಿಸಿದನು. ಆ ಕಾಲದ ಅವನ ವಿದ್ಯಾರ್ಥಿಗಳಲ್ಲಿ ಮುಂದೆ ಪ್ರಖ್ಯಾತನಾದ ಎರಿಕ್ ಗಿಲ್ಲನೂ ಇದ್ದನು.

ಜಾನ್‌ಸ್ಟನ್ನನ ಪಾಠದ ತಿರುಳು ಸರಳವಾದುದು. ಅಕ್ಷರವನ್ನು ಚಿತ್ರದಂತೆ ಹೊರಗೆರೆ ಎಳೆದು ತುಂಬಬೇಡ. ಅಗಲವಾದ ತುದಿಯ ಲೇಖನಿಯನ್ನು ಒಂದು ಕೋನದಲ್ಲಿ ಹಿಡಿದು ಬರೆ. ದಪ್ಪ ಬರಬೇಕಾದಲ್ಲಿ ದಪ್ಪವೂ ತೆಳು ಬರಬೇಕಾದಲ್ಲಿ ತೆಳುವೂ ತಾವಾಗಿಯೇ ಬರುವುವು. ರೂಪವೆಂಬುದು ಉಪಕರಣದ ಮಗು. ನಮ್ಮ ಕನ್ನಡದ ಅಕ್ಷರಗಳು ದುಂಡಗಾದುದು ಓಲೆಗರಿಯ ಮೇಲೆ ಕಂಟದಿಂದ ಬರೆದುದರ ಫಲವೆಂದು ಹೇಳುವುದುಂಟು. ಆ ವಿಚಾರವನ್ನೂ ಇದೇ ಬಗೆಯಲ್ಲಿ ಕಾಣಬಹುದು. ಜಾನ್‌ಸ್ಟನ್ 1906ರಲ್ಲಿ ತನ್ನ ಪಾಠಗಳನ್ನೆಲ್ಲ ಪುಸ್ತಕವಾಗಿ ಅಚ್ಚು ಹಾಕಿಸಿದನು. 1910ರಲ್ಲಿ ಅವನ ಶಿಷ್ಯೆ ಆನ್ನಾ ಸಿಮೋನ್ಸ್ ಅದನ್ನು ಜರ್ಮನ್ ಭಾಷೆಗೆ ತಿರುಗಿಸಿದಳು. ಆ ಭಾಷಾಂತರ ಎಂಥೆಂಥ ಕೈಗಳಿಗೆ ಹೋಗುವುದೆಂದು ಆಕೆಗೆ ತಿಳಿದಿರಲಾರದು.

ಹೋದ ಕೈಗಳಲ್ಲಿ ಒಂದು ಲೈಪ್‌ಜಿಗ್ ನಗರದ ಹುಡುಗನದು. ಯಾನ್ ಚಿಕೋಲ್ಡ್ ಎಂದು ಅವನ ಹೆಸರು, 1902ರಲ್ಲಿ ಹುಟ್ಟಿದವನು. ತಂದೆ ಅಂಗಡಿಗಳ ಹಲಗೆಗಳ ಮೇಲೆ ಹೆಸರು ಬರೆಯುವ ಕಸುಬಿನವನು. ಮಗನಿಗೆ ಚಿತ್ರಕಾರನಾಗುವ ಆಸೆ. ಚಿತ್ರದಿಂದ ಹೊಟ್ಟೆ ತುಂಬದೆಂದು ಹೆತ್ತವರಿಗೆ ಭಯ. ಇಂಥ ಭಯ ಎಲ್ಲ ದೇಶಗಳಲ್ಲಿಯೂ ಒಂದೇ! ಚಿತ್ರದ ಮೇಷ್ಟರಾಗಲೆಂದು ಅವನನ್ನು ಶಿಕ್ಷಕರ ಶಾಲೆಗೆ ಕಳುಹಿಸಿದರು. ಅಲ್ಲಿ ಜಾನ್‌ಸ್ಟನ್ನನ ಪುಸ್ತಕ ಕೈಗೆ ಸಿಕ್ಕಿ ದಾರಿಯೇ ಬದಲಾಯಿತು. 1919ರಲ್ಲಿ ಲೈಪ್‌ಜಿಗ್ಗಿನ ಗ್ರಂಥಕಲಾ ವಿದ್ಯಾಲಯಕ್ಕೆ ಸೇರಿದನು. ಎರಡು ವರ್ಷಗಳೊಳಗೆ ಅಲ್ಲಿಯ ಸಂಜೆಯ ತರಗತಿಗಳಲ್ಲಿ ಅವನೇ ಅಕ್ಷರ ಬರೆಯುವುದನ್ನು ಕಲಿಸತೊಡಗಿದನು. ಲೈಪ್‌ಜಿಗ್ಗಿನ ದೊಡ್ಡ ವ್ಯಾಪಾರಸಂತೆಗೆ ಬೇಕಾದ ಜಾಹೀರಾತುಗಳನ್ನು ಕೈಯಿಂದ ಬರೆದುಕೊಟ್ಟು ಸಂಪಾದನೆ ಮಾಡುತ್ತಿದ್ದನು. ಹಳೆಯ ವಿದ್ಯೆಯಲ್ಲಿ ಅವನ ಕೈ ಪೂರ್ತಿ ಪಳಗಿದ್ದಿತೆಂಬುದನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದನ್ನು ಮುರಿದವನೂ ಅವನೇ, ಮತ್ತೆ ಅದಕ್ಕೆ ಮರಳಿದವನೂ ಅವನೇ.

1923ರಲ್ಲಿ ವೈಮಾರ್ ನಗರದಲ್ಲಿ ಬೌಹೌಸ್ ಎಂಬ ಕಲಾಶಾಲೆ ತನ್ನ ಮೊದಲನೆಯ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತು. ಚಿಕೋಲ್ಡ್ ಅದನ್ನು ನೋಡಲು ಹೋದನು, ತಳಮಳಗೊಂಡು ಹಿಂದಿರುಗಿದನು. ಗ್ರೋಪಿಯಸ್ 1919ರಲ್ಲಿ ಸ್ಥಾಪಿಸಿದ ಆ ಶಾಲೆಗೆ ಅದೇ ವರ್ಷ ಮೊಹೊಲಿ-ನಾಜ್ ಎಂಬ ಹಂಗೇರಿಯವನು ಅಧ್ಯಾಪಕನಾಗಿ ಬಂದಿದ್ದನು. ಅಚ್ಚಿನ ಕೆಲಸವೆಂದರೆ ವಿಷಯವನ್ನು ತಿಳಿಸುವ ಕೆಲಸ, ಅದಕ್ಕೆ ಮೊದಲು ಬೇಕಾದುದು ಸ್ಪಷ್ಟತೆ, ಅಕ್ಷರವನ್ನು ಮೊದಲೇ ಗೊತ್ತುಮಾಡಿದ ಅಂದದ ಚೌಕಟ್ಟಿಗೆ ತುರುಕಬಾರದು ಎಂಬುದು ಅವನ ವಾದ. ಅಡ್ಡಲಾಗಿ ಮಾತ್ರವಲ್ಲ, ಉದ್ದಕ್ಕೂ ಓರೆಯಾಗಿಯೂ ಸಾಲುಗಳು ಓಡಲಿ. ದಪ್ಪ ಗೆರೆಗಳು ಕಣ್ಣನ್ನು ಕೈಹಿಡಿದು ನಡೆಸಲಿ.

ಆ ಶಾಲೆಯ ವಿದ್ಯಾರ್ಥಿಗಳಿಗೆ ಬಂದ ಕೆಲಸಗಳು ಆಟದ ಅಭ್ಯಾಸಗಳಲ್ಲ. 1923 ಜರ್ಮನಿಯ ಹಣ ಕಸವಾದ ವರ್ಷ. ತುರಿಂಗಿಯಾ ಸಂಸ್ಥಾನದ ಬ್ಯಾಂಕಿಗೆ ತುರ್ತಾಗಿ ನೋಟುಗಳು ಬೇಕಾಗಿ, ಅವುಗಳ ವಿನ್ಯಾಸದ ಕೆಲಸ ಬೌಹೌಸಿನ ವಿದ್ಯಾರ್ಥಿಯಾದ ಹರ್ಬರ್ಟ್ ಬಾಯರ್ ಎಂಬವನ ಪಾಲಿಗೆ ಬಂದಿತು. ಹತ್ತು ಲಕ್ಷ ಮಾರ್ಕು, ಇಪ್ಪತ್ತು ಲಕ್ಷ ಮಾರ್ಕು ಎಂಬ ನೋಟುಗಳು! ಬಳ್ಳಿಯಿಲ್ಲ, ರಾಜಮುದ್ರೆಯ ಬೆಡಗಿಲ್ಲ, ದೇವಿಯ ಚಿತ್ರವಿಲ್ಲ. ದಪ್ಪ ಅಕ್ಷರ, ದಪ್ಪ ಅಂಕಿ, ಗೆರೆ, ಇಷ್ಟೇ. ಬೆಲೆ ದಿನದಿನವೂ ಕುಸಿಯುತ್ತಿರುವಾಗ ಅಲಂಕಾರಕ್ಕೆ ಪುರಸೊತ್ತಾದರೂ ಎಲ್ಲಿಯದು? ಆ ಕಾಲದ ಮುಖವನ್ನು ಬೇರೆ ಯಾವ ಚಿತ್ರಕ್ಕಿಂತಲೂ ಆ ನೋಟುಗಳು ಚೆನ್ನಾಗಿ ತೋರಿಸುತ್ತವೆಂದು ನನಗೆ ಅನ್ನಿಸುತ್ತದೆ. ಬಾಯರ್ 1925ರಲ್ಲಿ ಅದೇ ಶಾಲೆಯ ಮುದ್ರಣದ ಕಾರ್ಯಾಗಾರಕ್ಕೆ ಮುಖ್ಯಸ್ಥನಾದನು. ಕೂಡಲೆ ದೊಡ್ಡಕ್ಷರಗಳನ್ನೇ ಬಿಟ್ಟು, ಎಲ್ಲವನ್ನೂ ಚಿಕ್ಕಕ್ಷರಗಳಲ್ಲಿಯೇ ಬರೆಯತೊಡಗಿದನು. ಪ್ರತಿಯೊಂದು ನಾಮಪದಕ್ಕೂ ದೊಡ್ಡಕ್ಷರವನ್ನಿಡುವ ಜರ್ಮನರಿಗೆ ಇದು ಎಷ್ಟು ದೊಡ್ಡ ಅಪಚಾರವಾಗಿ ತೋರಿರಬೇಕು! ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವೇ ಇಲ್ಲದ ಲಿಪಿಯಲ್ಲಿ ಬೆಳೆದ ನಮಗೆ ಆ ಜಗಳದ ಬಿಸಿ ಅಷ್ಟಾಗಿ ತಟ್ಟುವುದಿಲ್ಲ.

ಆಕಾಶವಾಣಿಯ ಶ್ರೋತೃಗಳಿಗೆ ಹೇಳಲೇಬೇಕಾದ ಪುಸ್ತಕವೊಂದು ಅದೇ 1923ರಲ್ಲಿ ಬರ್ಲಿನ್ನಿನಲ್ಲಿ ಅಚ್ಚಾಯಿತು. ರಷ್ಯದ ಕವಿ ಮಯಕೋವ್‌ಸ್ಕಿಯ ಹದಿಮೂರು ಕವನಗಳು. ಪುಟಗಳನ್ನು ರಚಿಸಿದವನು ಎಲ್ ಲಿಸಿಟ್‌ಸ್ಕಿ. ಪುಸ್ತಕದ ಹೆಸರೇ 'ದನಿಗಾಗಿ' ಎಂದು. ಗಟ್ಟಿಯಾಗಿ ಓದುವುದಕ್ಕೆಂದೇ ಮಾಡಿದ ಪುಸ್ತಕ. ಸಭೆಯಲ್ಲಿ ನಿಂತು ಓದುವವನಿಗೆ ಬೇಕಾದ ಕವನ ತಟ್ಟನೆ ಸಿಕ್ಕಲೆಂದು ಹಾಳೆಗಳ ಅಂಚನ್ನು ವರ್ತಕರ ಖಾತೆಪುಸ್ತಕದಂತೆ ಮೆಟ್ಟಲು ಮೆಟ್ಟಲಾಗಿ ಕತ್ತರಿಸಿ, ಒಂದೊಂದಕ್ಕೂ ಒಂದೊಂದು ಗುರುತನ್ನು ಇಟ್ಟಿದ್ದಾರೆ. ಕೆಂಪು ಕಪ್ಪು ಎರಡೇ ಬಣ್ಣಗಳಲ್ಲಿ, ಮೊಳೆಪೆಟ್ಟಿಗೆಯಲ್ಲಿರುವ ಅಕ್ಷರ, ಗೆರೆ, ಕಂಬಿಗಳಿಂದಲೇ ಹಡಗು, ಲಂಗರು, ಮನುಷ್ಯರ ರೂಪಗಳು ಎದ್ದಿವೆ. ಮೊಳೆ ಜೋಡಿಸಿದ ಜರ್ಮನ್ ಕೆಲಸಗಾರರಿಗೆ ರಷ್ಯದ ಭಾಷೆ ತಿಳಿಯದು. ಲಿಸಿಟ್‌ಸ್ಕಿ ಪುಟಪುಟಕ್ಕೂ ನಕ್ಷೆ ಬರೆದುಕೊಟ್ಟನು. ಅವರು ಅರ್ಥವನ್ನರಿಯದೆ ದನಿಯನ್ನು ಜೋಡಿಸಿದರು.

ಇವೆಲ್ಲವನ್ನೂ ಅರಗಿಸಿಕೊಂಡ ಚಿಕೋಲ್ಡ್ 1925ರಲ್ಲಿ, ಮುದ್ರಣದ ಕೆಲಸಗಾರರೇ ಓದುತ್ತಿದ್ದ ಒಂದು ಪತ್ರಿಕೆಯ ವಿಶೇಷ ಸಂಚಿಕೆಯನ್ನು ಸಂಪಾದಿಸಿ ಹೊಸ ಪಂಥದ ಸೂತ್ರಗಳನ್ನು ಸಾರಿದನು. ಅವನಿಗೆ ಆಗ ಇಪ್ಪತ್ತಮೂರು ವರ್ಷ. ಮೂರು ವರ್ಷ ಕಳೆದು, 1928ರಲ್ಲಿ, 'ನೂತನ ಅಕ್ಷರವಿನ್ಯಾಸ' ಎಂಬ ಅವನ ಪುಸ್ತಕ ಬಂದಿತು. ನಡುವಿಗೆ ನಿಲ್ಲಿಸುವ ಶೀರ್ಷಿಕೆ ಸತ್ತಿತು. ಪುಟದಲ್ಲಿ ವಸ್ತುಗಳ ನಡುವಣ ಒತ್ತಡದಿಂದ, ಅಸಮತೆಯಿಂದ ಸಮತೂಕ ಹುಟ್ಟಲಿ. ಬಿಳಿಯ ಜಾಗ ಉಳಿದುಹೋದ ಸ್ಥಳವಲ್ಲ, ಅದೂ ಕೆಲಸ ಮಾಡಬೇಕು. ಅಕ್ಷರದ ತುದಿಗಳಿಗೆ ಹಚ್ಚುವ ಸಣ್ಣ ಅಡ್ಡಗೆರೆಗಳನ್ನು ಕಿತ್ತುಹಾಕಿ ಬರಿಯ ಮೈಯ ಅಕ್ಷರಗಳನ್ನು ಬಳಸು. ಕಾಗದವನ್ನು ರಾಷ್ಟ್ರೀಯ ಪ್ರಮಾಣದ ಅಳತೆಗಳಲ್ಲಿಯೇ ಕತ್ತರಿಸು. ಈ ಕೊನೆಯದನ್ನು ಕೇಳಿ ನಗಬೇಡಿರಿ. ನಮ್ಮ ಕಚೇರಿಗಳಲ್ಲಿ ಎ-ನಾಲ್ಕು ಎಂದು ಕರೆಯುವ ಹಾಳೆ 1922ರ ಆ ಜರ್ಮನ್ ಪ್ರಮಾಣದ ಸಂತಾನವೇ. ಅಡ್ಡಲಾಗಿ ಎರಡು ತುಂಡು ಮಾಡಿದರೂ ಉದ್ದಗಲಗಳ ಪರಿಮಾಣ ಕೆಡದಿರುವುದು ಅದರ ಗುಣ.

ಆ ವೇಳೆಗೆ ಚಿಕೋಲ್ಡ್ ಮ್ಯೂನಿಕ್ಕಿನ ಮುದ್ರಣಶಾಲೆಯಲ್ಲಿ ಅಧ್ಯಾಪಕನಾಗಿದ್ದನು. ಅವನನ್ನು ಅಲ್ಲಿಗೆ ಕರೆಸಿಕೊಂಡವನು ಫ್ಯೂಟುರಾ ಎಂಬ ಅಕ್ಷರವನ್ನು ರಚಿಸಿದ ಪೌಲ್ ರೆನರ್. ಶಿಷ್ಯರೆಲ್ಲರೂ ಅಚ್ಚಿನ ಕಸುಬಿನ ತರುಣರು. ಅವರ ದೇಶದಲ್ಲಿ ಅಕ್ಷರದ ಆಕಾರ ಬರಿಯ ರುಚಿಯ ಮಾತಾಗಿ ಉಳಿದಿರಲಿಲ್ಲ. ಕೋನಕೋನವಾಗಿ ಮುರಿದ ಫ್ರಾಕ್ಟೂರ್ ಲಿಪಿಯೇ ಜರ್ಮನರ ಸ್ವಂತ ಲಿಪಿ, ದುಂಡನೆಯ ರೋಮನ್ ಲಿಪಿ ಪರಕೀಯ ಎಂದು ರಾಷ್ಟ್ರವಾದಿಗಳು ಕಚ್ಚಾಡುತ್ತಿದ್ದರು. ಹೊಸ ಪಂಥವನ್ನು ಅವರು ಸಂಸ್ಕೃತಿಯ ಬೋಲ್ಶೆವಿಕತನವೆಂದು ಹಳಿದರು. 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದ ಸ್ವಲ್ಪ ಕಾಲದಲ್ಲಿಯೇ ರೆನರನನ್ನೂ ಚಿಕೋಲ್ಡನನ್ನೂ ಹಿಡಿದರು. ಚಿಕೋಲ್ಡ್ ಕೆಲವು ವಾರಗಳ ಕಾಲ ಸೆರೆಮನೆಯಲ್ಲಿದ್ದನು, ಕೆಲಸ ಹೋಯಿತು. ಬಿಡುಗಡೆಯಾದ ಮೇಲೆ ಹೆಂಡತಿಯನ್ನೂ ಎಳೆಯ ಮಗನನ್ನೂ ಕರೆದುಕೊಂಡು ಸ್ವಿಟ್ಸರ್‌ಲೆಂಡಿಗೆ ಓಡಿದನು. ಪುಟದ ಎಡಭಾಗದಿಂದ ಶೀರ್ಷಿಕೆಯನ್ನು ಆರಂಭಿಸಬೇಕೆಂದು ಕಲಿಸಿದವನಿಗೆ ಇಂಥ ದಂಡನೆ! ಇನ್ನೊಂದು ವಿಪರ್ಯಾಸವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 1941ರ ಜನವರಿಯಲ್ಲಿ ಅದೇ ಹಿಟ್ಲರನ ಪಕ್ಷ ಫ್ರಾಕ್ಟೂರ್ ಲಿಪಿ ಯೆಹೂದ್ಯರದೆಂದು ಸುಳ್ಳು ಕಾರಣ ಹೇಳಿ ಅದನ್ನು ನಿಷೇಧಿಸಿ, ರೋಮನ್ ಲಿಪಿಯನ್ನೇ ವಿಧಿಸಿತು.

ಚಿಕೋಲ್ಡ್ ಆಶ್ರಯ ಪಡೆದ ಊರು ಬಾಸೆಲ್. ಈ ಹೆಸರು ಕನ್ನಡಿಗರಿಗೆ ಹೊಸದಲ್ಲ. ಹದಿನಾರನೆಯ ಶತಮಾನದಲ್ಲಿ ಫ್ರೋಬೆನನು ಎರಾಸ್ಮಸ್ ಪಂಡಿತನ ಗ್ರಂಥಗಳನ್ನು ಅಚ್ಚು ಹಾಕಿದ ಊರು ಅದು; 1841ರಲ್ಲಿ ಮಂಗಳೂರಿನಲ್ಲಿ ಅಚ್ಚುಕೂಟವನ್ನು ತೆರೆದ ಬಾಸೆಲ್ ಮಿಷನ್ನಿನ ತೌರೂ ಅದೇ. 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಟ ಮೊದಲನೆಯ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ', 1894ರಲ್ಲಿ ಹೊರಬಿದ್ದ ಕಿಟ್ಟೆಲರ ಮಹಾನಿಘಂಟು, ಎರಡೂ ಆ ಮಿಷನ್ನಿನವರ ಶ್ರಮದ ಫಲಗಳು. ಕಿಟ್ಟೆಲರ ನಿಘಂಟನ್ನು ತೆರೆದು ನೋಡಿರಿ: ಕನ್ನಡದ ಶಬ್ದ, ರೋಮನ್ ಲಿಪಿಯಲ್ಲಿ ಅದರ ಉಚ್ಚಾರ, ಇಂಗ್ಲಿಷಿನಲ್ಲಿ ಅರ್ಥ, ಇಷ್ಟೂ ಒಂದೇ ಕಿರಿದಾದ ಅಂಕಣದಲ್ಲಿ ಒಂದನ್ನೊಂದು ತುಳಿಯದೆ ನಿಂತಿವೆ. ಆ ಮೊಳೆಗಳನ್ನು ಜೋಡಿಸಿದ ಮಂಗಳೂರಿನ ಕೆಲಸಗಾರರು ಯಾವ ಪಂಥದ ಹೆಸರನ್ನೂ ಕೇಳಿದವರಲ್ಲ.

ಬಾಸೆಲ್ಲಿನಲ್ಲಿ ಪುಸ್ತಕಗಳ ಕೆಲಸ ಮಾಡುತ್ತ, ಕಸುಬಿನ ಶಾಲೆಯಲ್ಲಿ ಕೆಲವು ಗಂಟೆಗಳ ಪಾಠ ಹೇಳುತ್ತ, ಚಿಕೋಲ್ಡ್ ಮೆಲ್ಲಮೆಲ್ಲನೆ ಬದಲಾದನು. ಜಾಹೀರಾತಿಗೆ ಹೊಸ ಪಂಥ ಒಪ್ಪುವುದು. ಆದರೆ ಮುನ್ನೂರು ಪುಟಗಳ ಕಾದಂಬರಿಯನ್ನು ಓದುವವನಿಗೆ ಬೇಕಾದುದು ಕಣ್ಣಿಗೆ ಆಯಾಸವಾಗದ ಹಳೆಯ ಅಕ್ಷರ, ತಕ್ಕ ಅಂಚು, ನೆಮ್ಮದಿ. ಅವನ ಪುಸ್ತಕಗಳ ಶೀರ್ಷಿಕೆಗಳು ಮತ್ತೆ ನಡುವಿಗೆ ಬಂದು ನಿಂತುವು. ಇದನ್ನು ಹಳೆಯ ಗೆಳೆಯರು ಸಹಿಸಲಿಲ್ಲ. ಬೌಹೌಸಿನಲ್ಲಿ ಕಲಿತಿದ್ದ ಮ್ಯಾಕ್ಸ್ ಬಿಲ್ 1946ರಲ್ಲಿ ಸ್ವಿಸ್ ಮುದ್ರಣಪತ್ರಿಕೆಯೊಂದರಲ್ಲಿ ಅವನ ಮೇಲೆ ಎರಗಿದನು: ಮುಂದೆ ನಡೆದವನು ಹಿಂದಕ್ಕೆ ತಿರುಗುವುದು ದ್ರೋಹ, ಕಾಲಕ್ಕೆ ಹೆದರಿ ಹಳೆಯದರಲ್ಲಿ ಅಡಗುವುದು ಪ್ರತಿಗಾಮಿತನ. ಚಿಕೋಲ್ಡ್ ಕೊಟ್ಟ ಉತ್ತರ ಇನ್ನೂ ತೀಕ್ಷ್ಣವಾದುದು. ತಾನು ಸಾರಿದ ಆ ಸೂತ್ರಗಳ ಅಸಹನೆ, ಎಲ್ಲವನ್ನೂ ಒಂದೇ ಶಿಸ್ತಿಗೆ ಒಗ್ಗಿಸಬೇಕೆಂಬ ಹಟ, ಇವು ಹಿಟ್ಲರನ ಆಳ್ವಿಕೆಗೆ ದಾರಿಮಾಡಿದ ಮನೋಭಾವಕ್ಕೆ ಬಂಧುಗಳೆಂದು ಅವನು ಬರೆದನು.

ಅವನನ್ನು ಸೆರೆಗೆ ಹಾಕಿದವರು ಯಾರೆಂಬುದನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. ಆದರೂ ಅದರಲ್ಲಿ ಅರ್ಧ ಅನ್ಯಾಯವಿದೆಯೆಂದು ನನ್ನ ಭಾವನೆ. ಅದೇ ಸೂತ್ರಗಳನ್ನು ಹಿಡಿದ ಎಷ್ಟೋ ಮಂದಿ ದೇಶಭ್ರಷ್ಟರಾದರು. ಬೌಹೌಸ್ ಶಾಲೆಯೇ 1933ರಲ್ಲಿ ಮುಚ್ಚಿಹೋಯಿತು. ಅಕ್ಷರದ ನಿಯಮವೊಂದು ಬಂದೂಕಿಗೆ ಬಂಧುವಾಗಲಾರದು. ಉಳಿದರ್ಧವನ್ನು ಮಾತ್ರ ಅಧ್ಯಾಪಕನಾದ ನಾನು ತಳ್ಳಿಹಾಕಲಾರೆ. ಇಪ್ಪತ್ತಾರು ವರ್ಷದ ಗುರು ಇದು ಸತ್ತಿತು, ಅದೊಂದೇ ಸತ್ಯ ಎಂದು ಹೇಳಿದರೆ ಎದುರಿಗೆ ಕುಳಿತ ಹುಡುಗರು ಅದನ್ನು ಬರೆದುಕೊಳ್ಳುತ್ತಾರೆ. ಗುರು ಮನಸ್ಸು ಬದಲಾಯಿಸಿದ ದಿನ ಅವರ ಮುಂದೆ ಇರುವುದಿಲ್ಲ.

ಮರುವರ್ಷ, 1947ರಲ್ಲಿ, ಚಿಕೋಲ್ಡ್ ಲಂಡನ್ನಿಗೆ ಹೋಗಿ ಪೆಂಗ್ವಿನ್ ಎಂಬ ಅಗ್ಗದ ಪುಸ್ತಕಗಳ ಮಾಲೆಯನ್ನು ತಿದ್ದುವ ಕೆಲಸಕ್ಕೆ ನಿಂತನು. ಬೇರೆ ಬೇರೆ ಅಚ್ಚುಕೂಟಗಳಲ್ಲಿ ಬೇರೆ ಬೇರೆ ವಾಡಿಕೆಗಳು. ನಾಲ್ಕು ಪುಟಗಳ ನಿಯಮಾವಳಿಯೊಂದನ್ನು ಬರೆದು ಎಲ್ಲರಿಗೂ ಹಂಚಿದನು: ಪದಗಳ ನಡುವೆ ತೆರಪು ಕಡಿಮೆಯಿರಲಿ, ವಾಕ್ಯ ಮುಗಿದ ಮೇಲೆ ಹಳ್ಳದಂಥ ಬಿಡುವನ್ನು ಬಿಡಬೇಡಿ, ದೊಡ್ಡಕ್ಷರಗಳ ನಡುವಣ ಅಂತರವನ್ನು ಅಳತೆಯಿಂದಲ್ಲ, ಕಣ್ಣಿನಿಂದ ಸಮಮಾಡಿ. ಈ ಕಡೆಯದನ್ನು ಹೇಳಿ ಹೇಳಿ ಸಾಕಾಗಿ ಆ ವಾಕ್ಯದ್ದೇ ಒಂದು ರಬ್ಬರ್ ಮೊಹರನ್ನು ಮಾಡಿಸಿ ಕರಡಚ್ಚುಗಳ ಮೇಲೆ ಒತ್ತುತ್ತಿದ್ದನಂತೆ. 1949ರವರೆಗೆ ಐನೂರಕ್ಕೂ ಹೆಚ್ಚು ಪುಸ್ತಕಗಳು ಅವನ ಕಣ್ಣಿನ ಕೆಳಗೆ ಹಾದುಹೋದುವು. ಓದುಗನಿಗೆ ಅವನ ಹೆಸರು ತಿಳಿಯದು. ಪುಸ್ತಕವನ್ನು ಹಿಡಿದರೆ ಓದು ಸಲೀಸಾಗಿ ಸಾಗುವುದೆಂಬುದು ಮಾತ್ರ ತಿಳಿಯುತ್ತಿದ್ದಿತು.

ಅವನು ಬಿಟ್ಟ ಬಾಸೆಲ್ಲಿನಲ್ಲಿ ಶಿಷ್ಯರ ಕಥೆ ಮುಂದುವರಿಯಿತು. ಅಲ್ಲಿಯ ಕಸುಬಿನ ಶಾಲೆಯಲ್ಲಿ 1942ರಿಂದ ಎಮಿಲ್ ರೂಡರ್ ಪಾಠ ಹೇಳುತ್ತಿದ್ದನು. ಅವನು ಮೊಳೆ ಜೋಡಿಸುವ ಕೆಲಸದಿಂದಲೇ ಮೇಲೆ ಬಂದವನು. ಅವನ ಅಭ್ಯಾಸಗಳು ಬಡತನದ ಅಭ್ಯಾಸಗಳು: ಒಂದು ಪದ, ಒಂದು ಬಗೆಯ ಅಕ್ಷರ, ಒಂದು ಬಣ್ಣ, ಒಂದು ಚೌಕಹಾಳೆ. ಆ ಪದವನ್ನು ಎಲ್ಲಿಡುವೆ? ಮೇಲಿಟ್ಟರೆ ಏನಾಗುವುದು, ಅಂಚಿಗೆ ತಳ್ಳಿದರೆ ಏನಾಗುವುದು? ಅಕ್ಷರಗಳನ್ನು ಒಂದಕ್ಕೊಂದು ಒತ್ತಿದರೆ, ದೂರ ಸರಿಸಿದರೆ? ಅಕ್ಷರದ ಹೊಟ್ಟೆಯೊಳಗಣ ಬಿಳಿಯೂ ಎರಡಕ್ಷರಗಳ ನಡುವಣ ಬಿಳಿಯೂ ಮಸಿಯಷ್ಟೇ ನಿಜವಾದ ವಸ್ತುಗಳೆಂದು ವಿದ್ಯಾರ್ಥಿಯ ಕಣ್ಣಿಗೆ ತಿಳಿಯುವವರೆಗೆ ವಾರಗಟ್ಟಲೆ ಇದೇ ಕೆಲಸ. ಆಡ್ರಿಯನ್ ಫ್ರುಟಿಗರ್ ರಚಿಸಿದ ಯೂನಿವರ್ಸ್ ಎಂಬ ಅಕ್ಷರಸಂಸಾರ 1957ರಲ್ಲಿ ಬಂದ ಮೇಲೆ ಇದಕ್ಕೆ ಇನ್ನೂ ಅನುಕೂಲವಾಯಿತು. ತೆಳು, ದಪ್ಪ, ಕಿರಿದು, ಅಗಲ ಎಂದು ಇಪ್ಪತ್ತೊಂದು ಮಂದಿ ಒಡಹುಟ್ಟಿದವರು ಅದರಲ್ಲಿ. ಸಂಗೀತದ ಸ್ವರಸ್ಥಾನಗಳನ್ನು ಮಾಡಿಕೊಟ್ಟಂತಾಯಿತು. 1967ರಲ್ಲಿ ರೂಡರ್ ತನ್ನ ಪಾಠಗಳನ್ನು ಗ್ರಂಥವಾಗಿ ಪ್ರಕಟಿಸಿದನು. ಅಚ್ಚಿಗೆ ಇರುವ ಕರ್ತವ್ಯ ಬರಹದ ವಿಷಯವನ್ನು ತಿಳಿಸುವುದು, ಓದಲಾಗದ ಅಚ್ಚಿನಿಂದ ಪ್ರಯೋಜನವಿಲ್ಲ ಎಂಬುದು ಅದರ ತಳಹದಿ.

ಇಷ್ಟು ಶಿಸ್ತಿನ ಮನೆಯಲ್ಲಿ ತುಂಟ ಮಗು ಹುಟ್ಟದಿದ್ದೀತೆ? ವೂಲ್ಫ್‌ಗಾಂಗ್ ವೈನ್‌ಗಾರ್ಟ್ 1941ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಮೊಳೆ ಜೋಡಿಸುವ ಕೆಲಸವನ್ನು ಕಲಿತು, ಬಾಸೆಲ್ಲಿಗೆ ವಿದ್ಯಾರ್ಥಿಯಾಗಿ ಬಂದವನು. ಹಿಂದೊಮ್ಮೆ ಅವನ ಕೈಯಿಂದ ಸಣ್ಣಕ್ಷರದ ಮೊಳೆಗಳ ಪೆಟ್ಟಿಗೆ ಜಾರಿ ನೆಲದ ಮೇಲೆ ಚೆಲ್ಲಿತಂತೆ. ಅಚ್ಚುಕೂಟದ ವಾಸನೆಯಿರುವ ಶ್ರೋತೃಗಳಿಗೆ ಆ ಸಂಕಟ ಗೊತ್ತು. ಒಂದೊಂದು ಮೊಳೆಯನ್ನೂ ಆರಿಸಿ ಅದರದರ ಮನೆಗೆ ಹಾಕುವುದೆಂದರೆ ದಿನಗಟ್ಟಲೆಯ ಕೆಲಸ. ವೈನ್‌ಗಾರ್ಟ್ ಅವುಗಳನ್ನು ಬಾಚಿ ಒಂದು ರಟ್ಟಿನ ಬಳೆಯೊಳಗೆ ಇಟ್ಟಣಿಸಿ, ಬಿಗಿದು, ಮಸಿ ಸವರಿ, ಕಾಗದಕ್ಕೆ ಒತ್ತಿದನು. ಪದವಿಲ್ಲ, ಸಾಲಿಲ್ಲ; ಆದರೆ ನೋಡಿದವರ ಕಣ್ಣು ಅಲ್ಲಿಯೇ ನಿಲ್ಲುತ್ತಿದ್ದಿತು. ಸಾಲು ನೆಟ್ಟಗಿರಬೇಕೆಂದು ಯಾರು ಹೇಳಿದರು? ಪದದ ನಡುವೆ ಅಕ್ಷರದ ದಪ್ಪ ಬದಲಾದರೆ ಆಗುವ ಕೇಡೇನು? ಇಂಥ ಪ್ರಶ್ನೆಗಳನ್ನು ಕೇಳುತ್ತಿದ್ದ ವಿದ್ಯಾರ್ಥಿಯನ್ನು ಹೊರಗೆ ಹಾಕುವುದರ ಬದಲು ಆ ಶಾಲೆ 1968ರಲ್ಲಿ ಅಧ್ಯಾಪಕನನ್ನಾಗಿ ಮಾಡಿಕೊಂಡಿತು. ಆ ಶಾಲೆಯ ದೊಡ್ಡತನ ಇದರಲ್ಲಿಯೇ ಇದೆ. ಅವನ ತರಗತಿಗೆ ಅಮೆರಿಕದಿಂದಲೂ ತರುಣರು ಬಂದರು. ಏಪ್ರಿಲ್ ಗ್ರೈಮನ್ ಎಂಬಾಕೆ ಅಲ್ಲಿ ಕಲಿತು ಹಿಂದಿರುಗಿ, ಮುಂದೆ ಗಣಕಯಂತ್ರದಲ್ಲಿ ಪುಟ ಕಟ್ಟಿದ ಮೊದಲಿಗರಲ್ಲಿ ಒಬ್ಬಳಾದಳು. ಆದರೆ ವೈನ್‌ಗಾರ್ಟ್ ಬಂಡಾಯವನ್ನು ಕಲಿಸಿದುದು ಸೀಸದ ಮೊಳೆಗಳ ಮುಂದೆ ನಿಲ್ಲಿಸಿಯೇ ಎಂಬುದನ್ನು ಮರೆಯಬಾರದು. ಕೈಗೆ ಭಾರ ತಿಳಿಯದವನು ಎತ್ತಿ ಎಸೆಯಲಾರನು.

ಈ ಬಾಸೆಲ್ಲಿನ ಪಾಠ ನಮ್ಮ ದೇಶಕ್ಕೂ ಬಂದಿತು. ರೂಡರನ ಸಹೋದ್ಯೋಗಿ ಆರ್ಮಿನ್ ಹೋಫ್‌ಮನ್ 1965ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಪಾಠ ಹೇಳಿದನು. ಅದನ್ನು ಕನ್ನಡಕ್ಕೆ ಇದ್ದಕ್ಕಿದ್ದಂತೆ ಹಚ್ಚುವುದು ಮಾತ್ರ ಆಗದ ಕೆಲಸ. ಇಂಗ್ಲಿಷಿನ ಎರಡು ಸಾಲುಗಳ ನಡುವಣ ಬಿಳಿ ಬಹುಮಟ್ಟಿಗೆ ಖಾಲಿಯಾದ ಬೀದಿ. ನಮ್ಮಲ್ಲಿ ಆ ಬೀದಿಯಲ್ಲಿ ಒತ್ತಕ್ಷರಗಳು ಸಂಸಾರ ಹೂಡಿವೆ. 'ರಾಷ್ಟ್ರ', 'ಸ್ವಾತಂತ್ರ್ಯ' ಎಂಬ ಪದಗಳನ್ನು ಇಂಗ್ಲಿಷಿನ ಅಳತೆಯ ಸಾಲಿನಲ್ಲಿಟ್ಟರೆ ಕೆಳಗಣ ಸಾಲಿನ ತಲೆಕಟ್ಟಿಗೂ ಗುಡಿಸಿಗೂ ತಾಗುತ್ತವೆ. ಒತ್ತಿ ಹೇಳಲು ಅವರಿಗೆ ದೊಡ್ಡಕ್ಷರವುಂಟು, ಓರೆಯಕ್ಷರವುಂಟು. ನಮಗೆ ದೊಡ್ಡಕ್ಷರವಿಲ್ಲ, ಓರೆ ಮಾಡಿದರೆ ದುಂಡನೆಯ ಕನ್ನಡದ ಅಕ್ಷರ ಕಾಲು ಜಾರಿದಂತೆ ಕಾಣುತ್ತದೆ. ನಮಗೆ ಉಳಿದಿರುವ ದನಿಗಳು ಅಕ್ಷರದ ಗಾತ್ರ, ದಪ್ಪ, ಮತ್ತು ಬಿಳಿ. ಅವುಗಳಲ್ಲಿ ನಮ್ಮ ಅಚ್ಚಿನವರು ಅತಿ ಕಡಿಮೆ ಬಳಸುವುದು ಬಿಳಿಯನ್ನು. ಕಾಗದಕ್ಕೆ ದುಡ್ಡು ಕೊಟ್ಟು ಅದನ್ನು ಖಾಲಿ ಬಿಡುವುದು ನಮ್ಮ ಮನಸ್ಸಿಗೆ ಒಗ್ಗದು.

ಮೊನ್ನೆ ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯ ಕೆಲಸಕ್ಕೆ ಸೇರಿದ ಏಳೆಂಟು ವಿದ್ಯಾರ್ಥಿಗಳಿಗೆ ಆ ಹಳೆಯ ಸಂತಾಪಪತ್ರದ ಮಾತುಗಳನ್ನೇ ಹೆಸರು ತೆಗೆದು ಕೊಟ್ಟೆನು. ಒಂದೇ ಬಗೆಯ ಅಕ್ಷರ, ಕಪ್ಪು ಬಣ್ಣ, ಒಂದು ಹಾಳೆ, ರೂಡರನ ಕಟ್ಟಳೆ. ಎಲ್ಲರೂ ಗಣಕಯಂತ್ರದಲ್ಲಿ ಕೂಡಿಸಿಕೊಂಡು ಬಂದರು. ಒಬ್ಬನು ಹೆಸರನ್ನು ಹಾಳೆಯ ತುದಿಯಲ್ಲಿ ಒಂಟಿಯಾಗಿ ನಿಲ್ಲಿಸಿ ಉಳಿದುದನ್ನೆಲ್ಲ ಬುಡಕ್ಕೆ ಇಳಿಸಿದ್ದನು. ಮನಸ್ಸಿಗೆ ತಟ್ಟುವಂತಿದ್ದಿತು, ಆದರೆ ಸಭೆ ಎಷ್ಟು ಹೊತ್ತಿಗೆಂಬುದನ್ನು ಹುಡುಕಬೇಕಾಗಿದ್ದಿತು. ಇನ್ನೊಬ್ಬನು ಸಾಲುಗಳನ್ನು ಹಂತಹಂತವಾಗಿ ಸಣ್ಣದು ಮಾಡುತ್ತ ಹೋಗಿ ಕೊನೆಯ ಸಾಲು ಓದಲಾಗದಂತೆ ಮಾಡಿದ್ದನು. ಎರಡನೆಯ ವರ್ಷದ ಹುಡುಗಿಯೊಬ್ಬಳ ಹಾಳೆಯಲ್ಲಿ ಮೊದಲ ನೋಟಕ್ಕೆ ಏನೂ ಕಾಣಲಿಲ್ಲ.

"ಇದರಲ್ಲಿ ನೀನು ಮಾಡಿದುದೇನಮ್ಮ?" ಎಂದು ಕೇಳಿದೆನು.

"ಏನೂ ಇಲ್ಲ ಸಾರ್. ಒತ್ತಕ್ಷರ ತಾಗದ ಹಾಗೆ ಸಾಲುಗಳನ್ನು ಬಿಡಿಸಿದೆ. ಅವರ ಹೆಸರಿನ ಮೇಲೂ ಕೆಳಗೂ ಒಂದೊಂದು ಸಾಲಿನಷ್ಟು ಜಾಗ ಹೆಚ್ಚಿಗೆ ಬಿಟ್ಟೆ" ಎಂದಳು.

ಮಳೆಗಾಲದಲ್ಲಿ ನಮ್ಮ ಗ್ರಂಥಭಂಡಾರಿಗಳು ತೀರಿಕೊಂಡರು. ಅಚ್ಚುಕೂಟಕ್ಕೆ ಹೋದುದು ಆಕೆಯ ಹಾಳೆ. ಹಾಳೆಯಲ್ಲಿ ಇಷ್ಟು ಸ್ಥಳ ಖಾಲಿಯಿದೆಯಲ್ಲ, ಒಂದು ದೀಪದ ಚಿತ್ರವನ್ನಾದರೂ ಹಾಕೋಣವೆ ಎಂದು ಅಚ್ಚುಕೂಟದವರು ವಿಚಾರಿಸಿದರು. ಬೇಡವೆಂದು ಹೇಳಿ, ಕರಡಚ್ಚನ್ನು ಮೂರು ಸಲ ನೋಡಿ ರುಜು ಹಾಕಿದೆನು.